ದೋಣಿಗೆ ಉಬ್ಬರ, ಹಕ್ಕಿಗೆ ಇಳಿತ

ಶುಕ್ರವಾರ

ಬನದ ಹುಣ್ಣಿಮೆಗೆ ನಮ್ಮ ನವಲಗುಂದದ ಅರ್ಧ ಜನ ಬನಶಂಕರಿ ಜಾತ್ರೆಗೆ ಹೊರಡುತ್ತಾರೆ. ನಾನು ಹುಬ್ಬಳ್ಳಿಯಲ್ಲಿ ರಾತ್ರಿ ರೈಲು ಹತ್ತಿ ಗೋವಾಕ್ಕೆ ಹೊರಟೆ. 2023ರ ಜನವರಿ, ಮೊದಲ ವಾರ. ಚೀಲದಲ್ಲಿ ಒಂದು ಹಳೇ ಬೈನಾಕ್ಯುಲರ್, ಒಂದು ನೋಟ್‌ಬುಕ್. ಉಳಿದ ಜಾಗವನ್ನೆಲ್ಲ ಅವ್ವ ಅಕ್ಕನಿಗೆಂದು ಕಟ್ಟಿಕೊಟ್ಟ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿಪುಡಿ ಹಿಡಿದಿದ್ದವು. ಬಟ್ಟೆ ಎರಡೇ ಜೊತೆ.

ಕ್ಯಾಸಲ್ ರಾಕ್ ದಾಟಿದ ಮೇಲೆ ನಿದ್ದೆ ಮಾಡಲಿಲ್ಲ. ಬೆಳದಿಂಗಳಿತ್ತು. ದೂಧಸಾಗರ ಬಂದಾಗ ಕಿಟಕಿಗೆ ಹಣೆ ಒತ್ತಿ ನೋಡಿದೆ. ಜನವರಿಯಲ್ಲಿ ಅಲ್ಲಿ ಅಬ್ಬರ ಇರುವುದಿಲ್ಲ, ಬಂಡೆಯ ಮೇಲೆ ಯಾರೋ ಸುಣ್ಣದ ಗೆರೆ ಎಳೆದ ಹಾಗೆ ತೆಳ್ಳಗೆ ನೀರು. ಆ ನೀರು ಕೆಳಗೆ ಹೋಗಿ ಮಾಂಡೋವಿ ಸೇರುತ್ತದೆ. ಮಾಂಡೋವಿ ಅಂದರೆ ನಮ್ಮ ಕಡೆಯ ಮಹದಾಯಿ. ಗೋವಾದವರು ಅದನ್ನೇ ಮಾದೆಯ್ ಅನ್ನುತ್ತಾರೆ. ನಮ್ಮೂರಲ್ಲಿ ಆ ಹೆಸರಿನ ಘೋಷಣೆ ಕೂಗದವರು ಕಡಿಮೆ. ನಾನೂ ಕೂಗಿದ್ದೇನೆ. ನದಿಯನ್ನು ಮಾತ್ರ ಸರಿಯಾಗಿ ನೋಡಿರಲಿಲ್ಲ.

ಬೆಳಗಾಗುವ ಮೊದಲೇ ಸಾವರ್ಡೆ ಸ್ಟೇಷನ್ನಿನಲ್ಲಿ ಇಳಿದೆ. ಅಕ್ಕನ ಮನೆ ಕುಡಚಡೆಯಲ್ಲಿ. ಭಾವ ಇಲ್ಲಿಗೆ ಬಂದದ್ದು ಅದಿರಿನ ಟಿಪ್ಪರ್ ಓಡಿಸಲು. 2012ರಲ್ಲಿ ಗಣಿ ನಿಂತಿತು, ಆಮೇಲೆ ಶುರುವಾಯಿತು, 2018ರಲ್ಲಿ ಮತ್ತೆ ನಿಂತಿತು. ಊರಿಗೆ ವಾಪಸ್ ಹೋದವರು ಹೋದರು. ಭಾವ ಟಿಪ್ಪರ್ ಬಿಟ್ಟು ಶಾಲೆ ಮಕ್ಕಳ ವ್ಯಾನ್ ಹಿಡಿದರು.

ಚಹಾ ಕುಡಿದು ಬೈನಾಕ್ಯುಲರ್ ಕೊರಳಿಗೆ ಹಾಕಿದ ಕೂಡಲೇ ಅಕ್ಕ ಕೇಳಿದಳು, "ಎಲ್ಲಿಗೆ ಹೊಂಟಿ?"

"ನಂದಾ ಕೆರಿಗೆ."

"ಅಯ್ಯ, ಆ ಕೆರಿ ನೋಡಾಕ ಅಲ್ಲಿಂದ ಬಂದಿ? ಅದರಾಗ ಏನೈತಿ? ಹುಲ್ಲು, ಕೊಕ್ಕರಿ."

ಅಕ್ಕ ಹೇಳಿದ್ದು ತಪ್ಪೇನಲ್ಲ. ಹುಲ್ಲು, ಕೊಕ್ಕರೆ. ಆದರೆ ಈ ಹುಲ್ಲು ಕೊಕ್ಕರೆಗಾಗಿಯೇ 2022ರ ಆಗಸ್ಟ್‌ನಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಲೋಕದ ಮುಖ್ಯ ಜೌಗು ಜಾಗಗಳ ಪಟ್ಟಿ ಅದು. ಗೋವಾಕ್ಕೆ ಇದೇ ಮೊದಲನೆಯದು. ಅದೇ ಕಂತಿನಲ್ಲಿ ನಮ್ಮ ರಂಗನತಿಟ್ಟೂ ಸೇರಿತು, ಕರ್ನಾಟಕಕ್ಕೂ ಅದೇ ಮೊದಲು. ರಂಗನತಿಟ್ಟು 500 ಹೆಕ್ಟೇರಿಗಿಂತ ದೊಡ್ಡದು. ನಂದಾ ಕೆರೆ ಬರೀ 42. ಒಂದು ಸುತ್ತು ಹಾಕಲು ಹೆಚ್ಚು ಹೊತ್ತೇನೂ ಬೇಡ.

ಅಳಿಯನಿಗೆ ಹನ್ನೊಂದು ವರ್ಷ. ಶಾಲೆಯಿಂದ ಬಂದವನೇ ನನ್ನ ಜೊತೆ ಹೊರಟ. ಸಂಜೆ ಬಿಸಿಲು ಕೆರೆ ಮೇಲೆ ಓರೆಯಾಗಿ ಬಿದ್ದಿತ್ತು. ಕಂಚುರೆಕ್ಕೆಯ ದೇವನಕ್ಕಿಗಳು ತಾವರೆ ಎಲೆ ಮೇಲೆ ಓಡಾಡುತ್ತಿದ್ದವು. ಅವುಗಳ ಬೆರಳು ಎಷ್ಟು ಉದ್ದ ಅಂದರೆ, ಭಾರ ಹರಡಿಹೋಗಿ ಎಲೆ ಮುಳುಗುವುದೇ ಇಲ್ಲ. ಕರಿತಲೆಯ ಕೆಂಬರಲುಗಳು ಬಾಗಿದ ಕೊಕ್ಕನ್ನು ಕೆಸರಿಗೆ ಚುಚ್ಚುತ್ತಾ ಸಾಲಾಗಿ ಬರುತ್ತಿದ್ದವು. ಸಿಳ್ಳೆ ಬಾತುಗಳ ಒಂದು ಹಿಂಡು ಎದ್ದು, ಹೆಸರಿಗೆ ತಕ್ಕ ಹಾಗೆ ಸಿಳ್ಳೆ ಹಾಕುತ್ತಾ ಕೆರೆ ಸುತ್ತಿ, ಎದ್ದ ಜಾಗದಲ್ಲೇ ಕೂತಿತು. ಈ ನೀರು ಇಳಿದಂತೆ ಕೆಳಗಿನ ಗದ್ದೆಯವರು ಅದರಲ್ಲೇ ಭತ್ತ ಬೆಳೆಯುತ್ತಾರೆ. ಅಂದರೆ ಇದು ಬೇಲಿ ಹಾಕಿ ಇಟ್ಟ ಕೆರೆಯಲ್ಲ, ದುಡಿಯುವ ಕೆರೆ. ನಮ್ಮೂರ ನೀಲಮ್ಮನ ಕೆರೆ ನೆನಪಾಯಿತು. ಕಾಲುವೆಯಲ್ಲಿ ಮಲಪ್ರಭೆಯ ನೀರು ಬಂದು ಅದು ತುಂಬಿದರೆ ಊರಿಗೆ ಕುಡಿಯುವ ನೀರು, ಬರದಿದ್ದರೆ ಆಕಾಶ ನೋಡಬೇಕು.

ರಾತ್ರಿ ಊಟಕ್ಕೆ ಕೂತಾಗ ಭಾವ ಒಂದು ಮಾತು ಹೇಳಿದರು. "ಹೊರಗ ಯಾರರ ಊರು ಯಾವುದು ಅಂದ್ರ ನವಲಗುಂದ ಅನ್ನಬ್ಯಾಡಪಾ. ಈಗ ಟೈಮ್ ಸರಿ ಇಲ್ಲ."

ಹತ್ತು ದಿನವೂ ಆಗಿರಲಿಲ್ಲ, ಮಹದಾಯಿಯ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ ಬಂಡೂರಿಯ ಪರಿಷ್ಕೃತ ಯೋಜನೆಗೆ ಕೇಂದ್ರ ಜಲ ಆಯೋಗ ಒಪ್ಪಿಗೆ ಕೊಟ್ಟಿತ್ತು. ನಮ್ಮ ಕಡೆ ಪಟಾಕಿ, ಇಲ್ಲಿ ಪ್ರತಿಭಟನೆ. ಹಕ್ಕಿ ನೋಡಲು ನಾನು ಆರಿಸಿಕೊಂಡ ವಾರ ಇದು.

ಶನಿವಾರ

ಭಾವನ ಬೈಕು, ಹಿಂದೆ ಅಳಿಯ. ಅವನಿಗೆ ಶಾಲೆ ತಪ್ಪಿಸಿದ್ದಕ್ಕೆ ಅಕ್ಕ ಇಬ್ಬರಿಗೂ ಸೇರಿಸಿ ಬೈದಳು. ನಾಲ್ಕೂವರೆಗೆ ಹೊರಟು, ಪೋಂಡಾ, ಹಳೇ ಗೋವಾ ದಾಟಿ ರಿಬಂದರಿಗೆ ಬರುವ ಹೊತ್ತಿಗೆ ಕೈ ಬೆರಳು ಸೆಟೆದುಕೊಂಡಿದ್ದವು. ಗೋವಾದಲ್ಲಿ ಚಳಿ ಇರುವುದಿಲ್ಲ ಅಂತ ಯಾರು ಹೇಳಿದರೋ.

ರಿಬಂದರ್ ಕಟ್ಟೆಯಿಂದ ಚೊರಾವ್ ದ್ವೀಪಕ್ಕೆ ಫೆರ‍್ರಿ. ಊರಿನವರ ಬಾಯಲ್ಲಿ ಅದು ಚೊಡಣ. ಅದರ ಪಶ್ಚಿಮದ ತುದಿಯಲ್ಲಿ ಎರಡು ಚದರ ಕಿಲೋಮೀಟರೂ ಇಲ್ಲದ, ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡೇ ಡಾ. ಸಲೀಂ ಅಲಿ ಪಕ್ಷಿಧಾಮ. ಮುಂಬಯಿಯಲ್ಲಿ 1896ರಲ್ಲಿ ಹುಟ್ಟಿದ ಸಲೀಂ ಅಲಿಯವರ ಋಣ ನಮಗೂ ಇದೆ. 1940ರಲ್ಲಿ ಮೈಸೂರು ಅರಸರಿಗೆ ಹೇಳಿ ರಂಗನತಿಟ್ಟನ್ನು ಪಕ್ಷಿಧಾಮ ಮಾಡಿಸಿದವರು ಅವರೇ.

ದೋಣಿಯವರಿಗೆ ಹಿಂದಿನ ದಿನವೇ ಫೋನ್ ಮಾಡಿ ಏಳು ಗಂಟೆಗೆ ಬರುತ್ತೇವೆ ಅಂದಿದ್ದೆ. ಅವರು ಏನೋ ಹೇಳಿದ್ದರು. ಲೈನು ಸರಿ ಇರಲಿಲ್ಲ, ನಾನು "ಹಾಂ ಹಾಂ" ಅಂದು ಇಟ್ಟಿದ್ದೆ. ಏಳಕ್ಕೆ ಹೋಗಿ ನೋಡಿದರೆ ದೋಣಿ ಇದೆ, ದೋಣಿಯವರೂ ಇದ್ದಾರೆ, ನೀರಿಲ್ಲ! ದೋಣಿ ಕೆಸರಿನ ಮೇಲೆ ಎಮ್ಮೆ ಹಾಗೆ ಮಲಗಿತ್ತು.

ಅವರು ನಕ್ಕರು. ಕೊಂಕಣಿಯಲ್ಲಿ ಹೇಳಿದ್ದನ್ನು ಅಳಿಯ ಕನ್ನಡ ಮಾಡಿದ: "ಮಾಮಾ, ನಿನ್ನೆ ಹುಣ್ಣಿಮೆ. ಬೆಳಗ್ಗೆ ನೀರು ಪೂರ್ತಿ ಇಳಿದಿರ‍್ತದಂತೆ. ಅದನ್ನೇ ಫೋನ್‌ನಲ್ಲಿ ಹೇಳಿದ್ರಂತೆ."

ಬಯಲುಸೀಮೆಯವನಿಗೆ ಇದು ತಲೆಗೆ ಹೋಗುವುದೇ ಇಲ್ಲ. ನಮ್ಮಲ್ಲಿ ನೀರು ಇದ್ದರೆ ಇರುತ್ತದೆ, ಇಲ್ಲದಿದ್ದರೆ ಇಲ್ಲ. ದಿನಕ್ಕೆ ಎರಡು ಸಲ ಬಂದು ಎರಡು ಸಲ ಹೋಗುವ ನೀರಿನ ಲೆಕ್ಕ ಯಾರಿಗೆ ಗೊತ್ತು? ಹುಣ್ಣಿಮೆ ಅಮಾವಾಸ್ಯೆಗೆ ಸೂರ್ಯ ಚಂದ್ರ ಒಂದೇ ಗೆರೆಯಲ್ಲಿ ನಿಂತು ಎಳೆಯುತ್ತವೆ. ಆಗ ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಶಾಲೆಯಲ್ಲಿ ಓದಿ ಮಾರ್ಕ್ಸ್ ತಗೊಂಡಿದ್ದೆ. ಅಷ್ಟೇ.

ಮಧ್ಯಾಹ್ನದ ದೋಣಿ ಬೇರೆಯವರಿಗೆ ಹೋಗಿತ್ತು. "ನಾಳೆ ಹನ್ನೊಂದಕ್ಕೆ ಬನ್ನಿ. ಈಗ ಸುಮ್ನೆ ನಡೀರಿ. ದೋಣಿಗೆ ಉಬ್ಬರ ಬೇಕು, ಹಕ್ಕಿಗೆ ಇಳಿತ ಬೇಕು" ಅಂದರು ದೋಣಿಯವರು. ಈ ಒಂದು ಮಾತಿಗೆ ಅವರಿಗೆ ಬೇರೆ ದುಡ್ಡು ಕೊಡಬೇಕಿತ್ತು.

ಕಾಡಿನೊಳಗೆ ಒಂದು ಕಾಲುದಾರಿ ಇದೆ. ಎರಡೂ ಕಡೆ ಕೆಸರು. ಕೆಸರಿನಿಂದ ಪೆನ್ಸಿಲ್ ನೆಟ್ಟ ಹಾಗೆ ಸಾವಿರಾರು ಉಸಿರುಬೇರುಗಳು ಮೇಲೆ ನಿಂತಿವೆ. ಕೆಸರಿನೊಳಗೆ ಗಾಳಿ ಸಿಗುವುದಿಲ್ಲ, ಅದಕ್ಕೇ ಕಾಂಡ್ಲಾ ಗಿಡ ಬೇರನ್ನು ಮೇಲಕ್ಕೆ ಕಳಿಸಿ ಉಸಿರಾಡುತ್ತದೆ. ಮೊದಲು ಏನೂ ಕಾಣಲಿಲ್ಲ. ಐದು ನಿಮಿಷ ನಿಂತ ಮೇಲೆ ಕೆಸರೇ ಅಲುಗಾಡತೊಡಗಿತು. ಒಂದು ಕೈ ಮಾತ್ರ ದೊಡ್ಡದಾಗಿರುವ ಏಡಿಗಳು ಬಿಲದ ಬಾಯಲ್ಲಿ ನಿಂತು, ಯಾರನ್ನೋ ಕರೆಯುವ ಹಾಗೆ ಆ ಕೈ ಬೀಸುತ್ತಿದ್ದವು. ಗಂಡು ಏಡಿಗೆ ಮಾತ್ರ ಆ ದೊಡ್ಡ ಕೈ. ಹೆಣ್ಣನ್ನು ಕರೆಯಲು, ಬೇರೆ ಗಂಡನ್ನು ಹೆದರಿಸಲು, ಎರಡಕ್ಕೂ ಅದೇ. ಕೆಸರಲ್ಲಿ ತೆವಳುವ ಮೀನುಗಳೂ ಇದ್ದವು. ಅಳಿಯ ಅವುಗಳ ಹಿಂದೆ ಒಂದು ಹೆಜ್ಜೆ ದಾರಿ ಬಿಟ್ಟು ಇಳಿದ. ಮೊಣಕಾಲವರೆಗೆ ಹೋಯಿತು. ಕಾಲು ವಾಪಸ್ ಬಂತು, ಚಪ್ಪಲಿ ಬರಲಿಲ್ಲ. ಆ ಚಪ್ಪಲಿ ಇನ್ನೂ ಅಲ್ಲೇ ಇರಬೇಕು.

ಇಷ್ಟೆಲ್ಲ ಊಟ ಬಡಿಸಿಟ್ಟ ಮೇಲೆ ಹಕ್ಕಿ ಬರದೇ ಇರುತ್ತವೆಯೇ? ನದಿ ಕಡೆಗೆ ಕಾಡು ತೆರೆದುಕೊಳ್ಳುವಲ್ಲಿ ನಿಂತೆವು. ಕೆಂಪುಕಾಲಿನ ಗೊರವಗಳು ಕೆಸರನ್ನು ಅಳೆಯುತ್ತಾ ನಡೆಯುತ್ತಿದ್ದವು. ಅವುಗಳಾಚೆ ಮಣ್ಣಿನ ಬಣ್ಣದ ಪುಟ್ಟ ಪ್ಲೋವರ್‌ಗಳು. ನಾಲ್ಕು ಹೆಜ್ಜೆ ಓಡುವುದು, ಗಕ್ಕನೆ ನಿಲ್ಲುವುದು, ಕುಕ್ಕುವುದು. ಹಿಮಾಲಯದ ಆಚೆಯ ಎತ್ತರದ ಬಯಲಲ್ಲಿ ಮರಿ ಮಾಡಿ ಚಳಿಗಾಲಕ್ಕೆ ಕರಾವಳಿಗೆ ಇಳಿಯುವ ಹಕ್ಕಿ ಅದು. ಬಾಗಿದ ಉದ್ದ ಕೊಕ್ಕಿನ ಕರ್ಲ್ಯೂ ಒಂದೇ ಒಂದಿತ್ತು. ಏಡಿಯ ಬಿಲಕ್ಕೆ ಕೊಕ್ಕು ಪೂರ್ತಿ ಇಳಿಸಿ ತಿರುಗಿಸಿದ್ದು ನೋಡಿದರೆ, ಬಿಲದ ಅಳತೆ ತೆಗೆದುಕೊಂಡೇ ಕೊಕ್ಕು ಮಾಡಿಸಿದ ಹಾಗಿತ್ತು. ಪ್ರತಿ ಹಕ್ಕಿಯ ಕೊಕ್ಕೂ ಬೇರೆ ಉದ್ದ, ಹಾಗಾಗಿ ಕೆಸರಿನ ಬೇರೆ ಬೇರೆ ಆಳದ ಹುಳ ಅವಕ್ಕೆ. ಒಂದೇ ಪಂಕ್ತಿ, ಬೇರೆ ಬೇರೆ ಎಲೆ.

ಮಿಂಚುಳ್ಳಿಯ ಲೆಕ್ಕ ಅಳಿಯನಿಗೆ ವಹಿಸಿದ್ದೆ. ನಮ್ಮೂರ ಗದ್ದೆ ಮಿಂಚುಳ್ಳಿಯನ್ನು ಅವನು ಲೆಕ್ಕಕ್ಕೇ ತಗೊಳ್ಳಲಿಲ್ಲ, "ಅದು ಶಾಲೆ ಹತ್ರಾನೂ ಇದೆ." ಕರಿಟೊಪ್ಪಿಯ ಮಿಂಚುಳ್ಳಿ ಬಂದು ಎದುರಿನ ಕೊಂಬೆಯಲ್ಲಿ ಕೂತಾಗ ಮಾತ್ರ ಅವನಿಗೆ ಮಾತು ಹೊರಡಲಿಲ್ಲ. ಕಪ್ಪು ತಲೆ, ಬಿಳಿ ಕೊರಳು, ಕಡು ನೀಲಿ ಬೆನ್ನು, ಹವಳದ ಹಾಗೆ ಕೆಂಪು ಕೊಕ್ಕು. ಇಳಕಲ್ ಸೀರೆ ನೇಯುವವರಿಗೆ ತೋರಿಸಬೇಕಿತ್ತು ಆ ಬಣ್ಣ.

ಮೇಲೆ ಗರುಡ ಸುತ್ತುತ್ತಲೇ ಇತ್ತು. ನಮ್ಮೂರಲ್ಲಿ ಗರುಡ ಕಂಡರೆ ಕೈಮುಗಿಯುತ್ತಾರೆ. ಇಲ್ಲಿ ಎಷ್ಟು ಸಲ ಮುಗಿಯುವುದು?

ಹತ್ತರ ಹೊತ್ತಿಗೆ ನೀರು ಸದ್ದಿಲ್ಲದೆ ಏರತೊಡಗಿತು. ಗೊರವಗಳು ಒಂದೊಂದೇ ಹೆಜ್ಜೆ ಹಿಂದೆ ಸರಿದು, ಆಮೇಲೆ ಎಲ್ಲ ಒಟ್ಟಿಗೆ ಎದ್ದು ಹೋದವು. ಅರ್ಧ ಗಂಟೆಯಲ್ಲಿ ನಾವು ನೋಡಿದ ಅಷ್ಟೂ ಜಾಗ ನದಿಯಾಗಿತ್ತು. ಅಳಿಯ ಬರಿಗಾಲಲ್ಲಿ ಫೆರ‍್ರಿ ಹತ್ತಿದ.

ಭಾನುವಾರ

ಬೆಳಗ್ಗೆ ಕರಮಳಿ ಕೆರೆ. ಕೊಂಕಣ ರೈಲ್ವೆಯ ಕರಮಳಿ ಸ್ಟೇಷನ್ನಿನ ಪಕ್ಕದಲ್ಲೇ ಇದೆ. ರೈಲಿನಿಂದಲೇ ಹಕ್ಕಿ ನೋಡಬಹುದಾದ ಕೆರೆ ಅನ್ನಿ. ಇಲ್ಲಿ ನೀರು ಸಿಹಿ, ಹಾಗಾಗಿ ಜನವೂ ಬೇರೆ: ನಾಮದ ಕೋಳಿ, ನೀರುಕಾಗೆ, ಹಾವಕ್ಕಿ, ಬಾಯ್ಕಳಕ. ದೂರದ ಗದ್ದೆಯಲ್ಲಿ ಒಬ್ಬ ಮುದುಕ ಕೈ ಹಿಂದೆ ಕಟ್ಟಿಕೊಂಡು ನಿಂತ ಹಾಗೆ ಕಂಡಿತು. ಬೈನಾಕ್ಯುಲರ್‌ನಲ್ಲಿ ನೋಡಿದರೆ ಲೆಸ್ಸರ್ ಅಡ್ಜುಟೆಂಟ್. ನಾಲ್ಕಡಿ ಎತ್ತರದ ಕೊಕ್ಕರೆ. ತಲೆಯಲ್ಲಿ ಪುಕ್ಕ ಇಲ್ಲ, ನಾಲ್ಕಾರು ಕೂದಲು ಅಷ್ಟೇ. ರೂಪದಲ್ಲಿ ಯಾರೂ ಒಂದು ಮಾರ್ಕ್ಸ್ ಕೊಡುವುದಿಲ್ಲ. ಆದರೆ ಅದರ ನಡಿಗೆಯಲ್ಲಿ ಒಂದು ಗತ್ತಿದೆ, ರಿಟೈರಾದ ಹೆಡ್‌ಮಾಸ್ತರರ ಗತ್ತು. ನನಗೆ ಇಡೀ ಪ್ರವಾಸದಲ್ಲಿ ಜಾಸ್ತಿ ಇಷ್ಟವಾದ ಹಕ್ಕಿ ಇದೇ. ಅಳಿಯನ ಓಟು ಮಿಂಚುಳ್ಳಿಗೆ.

ಹನ್ನೊಂದಕ್ಕೆ ಚೊರಾವ್. ಈ ಸಲ ದೋಣಿ ತೇಲುತ್ತಿತ್ತು. ಹುಟ್ಟು ಹಾಕುವ ದೋಣಿ, ಮೋಟರ್ ಇಲ್ಲ. ನಿನ್ನೆ ನಾವು ನಿಂತು ನೋಡಿದ ಕೆಸರಿನ ಮೇಲೆ ಇವತ್ತು ನಾವೇ ತೇಲುತ್ತಿದ್ದೆವು. ಸಣ್ಣ ಕೈತೋಡಿನೊಳಗೆ ಹೋದ ಮೇಲೆ ಕೊಂಬೆಗಳು ತಲೆ ಮೇಲೆ ಕೂಡಿಕೊಂಡವು. ಹಕ್ಕಿ ಕಡಿಮೆ. ಬಕಗಳು ಬೇರಿನ ಮೇಲೆ ಕೂತು ನೀರು ಇಳಿಯುವುದನ್ನೇ ಕಾಯುತ್ತಿದ್ದವು.

"ತುಮಿ ಖಂಯ್ಚೆ?" ಅಂತ ದೋಣಿಯವರು ಕೇಳಿದರು. ಯಾವ ಊರು?

ನಾನು ಬಾಯಿ ತೆರೆಯುವ ಮೊದಲೇ ಅಳಿಯ "ಕುಡಚಡೆ" ಅಂದುಬಿಟ್ಟ. ಆಮೇಲೆ ನನ್ನ ಕಡೆ ನೋಡಿ ಕಣ್ಣು ಹೊಡೆದ. ಅಪ್ಪನ ಪಾಠ.

ಅವರು ಹುಟ್ಟು ಹಾಕುತ್ತಾ ಹೇಳುತ್ತಲೇ ಹೋದರು. ಅವರದು ನದಿ ಪಕ್ಕದ ಖಾಜನ ಗದ್ದೆ. ಉಪ್ಪು ನೀರು ಒಳಗೆ ಬರದ ಹಾಗೆ ಒಡ್ಡು ಕಟ್ಟಿ, ಬಾಗಿಲಿಟ್ಟು, ಮಳೆಗಾಲದಲ್ಲಿ ಭತ್ತ ಬೆಳೆಯುವ ಗದ್ದೆ. ನಮ್ಮ ಉತ್ತರ ಕನ್ನಡದವರು ಗಜನಿ ಅನ್ನುವುದು ಇದನ್ನೇ. ಅಲ್ಲಿ ಕಗ್ಗ ಭತ್ತ, ಇಲ್ಲಿ ಕೊರ್ಗುಟ್. ಎರಡೂ ಸ್ವಲ್ಪ ಉಪ್ಪು ತಡೆಯುತ್ತವೆ. ಸ್ವಲ್ಪ ಮಾತ್ರ.

ಮಾಂಡೋವಿಯನ್ನೂ ಜುವಾರಿಯನ್ನೂ ಜೋಡಿಸುವ ಕುಂಭಾರಜುವೆ ಕಾಲುವೆಯಲ್ಲಿ ಮೊಸಳೆಗಳಿವೆ. ಪುಷ್ಯದ ಅಮಾವಾಸ್ಯೆಗೆ ಆ ಕಡೆಯ ಕೆಲವು ಊರಲ್ಲಿ ಮಣ್ಣಿನ ಮೊಸಳೆ ಮಾಡಿ ಪೂಜಿಸುತ್ತಾರೆ ಅಂದರು. ಅದು ಮಾನಗೆ ಥಾಪಣೆ. ನಾನು ತಡೆಯಲಾರದೆ, "ನಮ್ಮಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಇದೆ. ಮಣ್ಣಿನ ಎತ್ತು ಮಾಡಿ ಪೂಜೆ ಮಾಡ್ತೀವಿ" ಅಂದೆ, ಹಿಂದಿಯಲ್ಲಿ.

"ಕುಡಚಡೆಯಲ್ಲಾ?"

ಅಳಿಯ ನೀರಿನ ಕಡೆ ನೋಡುತ್ತಿದ್ದ. ಸುಳ್ಳು ಹೇಳುವುದಕ್ಕೂ ಒಂದು ಜಾಗ ಇರುತ್ತದೆ. ಎರಡು ಮೊಳ ಅಗಲದ ದೋಣಿ ಆ ಜಾಗವಲ್ಲ. "ಇಲ್ಲ, ನವಲಗುಂದ. ಹುಬ್ಬಳ್ಳಿ ಹತ್ರ" ಅಂದೆ.

ಹುಟ್ಟು ಒಂದು ಕ್ಷಣ ನಿಂತಿತು. ನವಲಗುಂದ ಎಲ್ಲಿದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಪೇಪರಿನಲ್ಲಿ ಓದಿದ್ದರು.

"ನೀವೂ ಧರಣಿಗೆ ಹೋಗ್ತೀರಾ?"

"2015ರಲ್ಲಿ ನರಗುಂದದಲ್ಲಿ ಕೂತಿದ್ದೆ, ಎರಡು ದಿನ."

"ಅಲ್ಲಿ ಏನು ಕೂಗ್ತೀರಿ?"

ಸಮುದ್ರಕ್ಕೆ ಹರಿದು ಪೋಲಾಗುವ ನೀರಲ್ಲಿ ನಮಗೂ ಒಂದಿಷ್ಟು ಕೊಡಿ ಅಂತ ಕೂಗುತ್ತೇವೆ. ಅದನ್ನೇ ಹೇಳಿದೆ. ಹೇಳುವಾಗ 'ಪೋಲು' ಅನ್ನುವ ಮಾತು ಗಂಟಲಲ್ಲಿ ಸ್ವಲ್ಪ ಸಿಕ್ಕಿಕೊಂಡಿತು. ನಾವು ಪೋಲು ಅನ್ನುವ ಜಾಗದಲ್ಲೇ ನಮ್ಮ ದೋಣಿ ನಿಂತಿತ್ತು.

ಅವರು ಸಿಟ್ಟು ಮಾಡಲಿಲ್ಲ. ಒಂದು ಕೊಂಬೆಯನ್ನು ಮುರಿಯದೆ ಬಗ್ಗಿಸಿ, ಎಲೆಯ ಮೇಲೆ ಬೆರಳು ಸವರಿ ನಾಲಗೆಗೆ ಇಟ್ಟುಕೊಳ್ಳಿ ಅಂದರು. ಉಪ್ಪು. ಊಟದೆಲೆಯ ಮೂಲೆಯಲ್ಲಿ ಬಡಿಸಿದಂಥ ಅಪ್ಪಟ ಉಪ್ಪು. ಈ ಜಾತಿಯ ಕಾಂಡ್ಲಾ ಗಿಡ ಬೇರಿನಲ್ಲಿ ಬಂದ ಉಪ್ಪನ್ನು ಎಲೆಯಿಂದ ಹೊರಹಾಕುತ್ತದೆ. ಮೇಲಿಂದ ಬರುವ ಸಿಹಿನೀರು ಕಡಿಮೆಯಾದಷ್ಟೂ ಸಮುದ್ರದ ಉಪ್ಪು ನದಿಯಲ್ಲಿ ಇನ್ನಷ್ಟು ಮೇಲಕ್ಕೆ ಏರುತ್ತದೆ, ಗಿಡ ಹೇಗೋ ತಡೆದೀತು, ನನ್ನ ಗದ್ದೆ ತಡೆಯುತ್ತದಾ ಅಂತ ಕೇಳಿದರು. ಅವರ ಭಯ ಅದು. ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ ಕೊಟ್ಟದ್ದು 13.42 ಟಿಎಂಸಿ, ಅದರಲ್ಲಿ ಕುಡಿಯುವ ನೀರಿಗೆ ಅಂತ ಇರುವುದು ಅರ್ಧಕ್ಕಿಂತ ಕಡಿಮೆ, ನಾವು ಕೇಳುತ್ತಿರುವುದು ಅದನ್ನು, ಅಂದೆ. ಅವರು ತಲೆಯಾಡಿಸಿದರು. ಒಪ್ಪಿದ್ದಕ್ಕಲ್ಲ, ಕೇಳಿಸಿತು ಅನ್ನುವುದಕ್ಕೆ.

ಆಮೇಲೆ ಅವರು ಕೇಳಿದರು, "ನಿಮ್ಮಲ್ಲಿ ಕುಡಿಯೋಕೆ ನೀರು ಎಲ್ಲಿಂದ?"

ನೀಲಮ್ಮನ ಕೆರೆಯ ಕಥೆ ಹೇಳಿದೆ. ಅಳಿಯ ಮಧ್ಯದಲ್ಲಿ ಹಿಂದಿ ಸಾಕಾಗದಿದ್ದಲ್ಲಿ ಕೊಂಕಣಿ ಸೇರಿಸಿದ. ಅವನು ಏನು ಸೇರಿಸಿದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಮಾತು ಮುಗಿಯುವ ಹೊತ್ತಿಗೆ ದೋಣಿಯವರು ತಮ್ಮ ಡಬ್ಬಿಯ ಚಪಾತಿಯಲ್ಲಿ ಒಂದನ್ನು ಅವನಿಗೆ ಕೊಟ್ಟಿದ್ದರು.

ವಾಪಸ್ ಬರುವಾಗ ಬಿಳಿ ಹೊಟ್ಟೆಯ ಕಡಲ ಹದ್ದು ನದಿಯನ್ನು ಅಡ್ಡ ದಾಟಿತು. ಕಾಲಲ್ಲಿ ಮೀನಿತ್ತು. ಮೂವರೂ ಕತ್ತು ಎತ್ತಿ ಅದು ಮರೆಯಾಗುವವರೆಗೂ ನೋಡಿದೆವು. ದೋಣಿಗೆ ಬಿದ್ದಿದ್ದ ಒಂದು ಹಣ್ಣೆಲೆಯನ್ನು ಅಳಿಯ ನನ್ನ ನೋಟ್‌ಬುಕ್ಕಿನೊಳಗೆ ಇಟ್ಟ.

ಸೋಮವಾರ

ಕುಡಚಡೆಯಿಂದ ಅನಮೋಡ ಘಾಟಿನ ಮೇಲೆ ಹೋದರೆ ಹುಬ್ಬಳ್ಳಿ ಹತ್ತಿರ. ಆದರೂ ನಾನು ಪಣಜಿಗೆ ಹೋಗಿ, ಚೋರ್ಲಾ ಘಾಟಿನ ಮೇಲೆ ಬೆಳಗಾವಿ ಬಸ್ ಹತ್ತಿದೆ. ಸುತ್ತು ದಾರಿ. ಅಕ್ಕ "ನಿನಗ ಹುಚ್ಚು" ಅಂದಳು. ಪಣಜಿವರೆಗೆ ಕದಂಬ ಬಸ್. ಗೋವಾ ಸರ್ಕಾರದ ಬಸ್ಸಿಗೆ ಕದಂಬರ ಹೆಸರು! ಬನವಾಸಿಯ ಕದಂಬರದೇ ಒಂದು ಕವಲು ಇಲ್ಲಿ ಆಳಿತ್ತು. ನೀರಿನ ವಿಷಯದಲ್ಲಿ ಜಗಳ ಇದ್ದರೂ ರಾಜರ ವಿಷಯದಲ್ಲಿ ನಾವು ಒಂದೇ ಮನೆಯವರು.

ಸಾಖಳಿ, ಕೇರಿ ದಾಟಿ ಘಾಟಿ ಏರಿದರೆ ಕರ್ನಾಟಕ. ಸ್ವಲ್ಪ ಹೊತ್ತಿಗೆ ಕಣಕುಂಬಿ. ಬಸ್ ಎರಡೇ ನಿಮಿಷ ನಿಂತಿತು. ಮಲಪ್ರಭೆ ಹುಟ್ಟುವ ಊರು ಇದು. ಕಳಸಾ ನಾಲೆ ಅಗೆದಿರುವುದೂ ಇಲ್ಲೇ. ಇಲ್ಲಿ ಬಿದ್ದ ಮಳೆಹನಿ ಒಂದು ಮಗ್ಗುಲಿಗೆ ಉರುಳಿದರೆ ನಮ್ಮ ನವಿಲುತೀರ್ಥ ಡ್ಯಾಮು, ಕೂಡಲಸಂಗಮ, ಕೃಷ್ಣೆ ಸೇರಿ ಬಂಗಾಳ ಕೊಲ್ಲಿ. ಇನ್ನೊಂದು ಮಗ್ಗುಲಿಗೆ ಉರುಳಿದರೆ ಚೊರಾವ್. ನೋಡಲು ಏನಿಲ್ಲ, ಹಸಿರು ಗುಡ್ಡ, ನಾಲ್ಕು ಅಂಗಡಿ, ತಂತಿಯ ಮೇಲೆ ಒಂದು ಗದ್ದೆ ಮಿಂಚುಳ್ಳಿ. ಅಳಿಯ ಲೆಕ್ಕಕ್ಕೆ ತಗೊಳ್ಳದ ಹಕ್ಕಿ. ನಾನು ಬರೆದುಕೊಂಡೆ.

ಮನೆ ಮುಟ್ಟಿದಾಗ ರಾತ್ರಿ ಒಂಬತ್ತು. ಅವ್ವ ಜಾತ್ರೆಯಿಂದ ತಂದ ಬೆಂಡು ಬತ್ತಾಸು ಮುಂದಿಟ್ಟು, "ನೀ ಏನ್ ತಂದಿ?" ಅಂದಳು. ನೋಟ್‌ಬುಕ್ ತೆಗೆದು ಎಲೆ ಕೊಟ್ಟು, ನೆಕ್ಕಿ ನೋಡು ಅಂದೆ. ಅನುಮಾನದಿಂದಲೇ ನಾಲಗೆ ತಾಗಿಸಿದಳು.

"ಉಪ್ಪು ಐತಿ. ಇದನ್ನ ತರಾಕ ಗೋವಾತನಕ ಹೋಗಿದ್ದೇನು?"

ಅಷ್ಟರಲ್ಲಿ ಹಿತ್ತಲಲ್ಲಿ ನಳದ ಸದ್ದು. ಅವ್ವ ಎಲೆಯನ್ನು ಬತ್ತಾಸಿನ ಪಕ್ಕ ಇಟ್ಟು ಕೊಡ ಎತ್ತಿಕೊಂಡು ಓಡಿದಳು. ನಾನು ಬೂಟು ಬಿಚ್ಚದೆ ಎರಡನೇ ಕೊಡ ಹಿಡಿದು ಅವಳ ಹಿಂದೆ ಹೋದೆ.